ಸಾಲಿನಲ್ಲಿ ಜಾಣರು, ಮ್ಯಾಚಿನಲ್ಲಿ ಗೊಂದಲ

ಪ್ರಶ್ನೆ: ನಾನು ಹಿರಿಯ ಪ್ರಾಥಮಿಕ ಶಾಲೆಯ ದೈಹಿಕ ಶಿಕ್ಷಕಿ. 24 ಮಕ್ಕಳು, ಒಂದು ಬ್ಯಾಸ್ಕೆಟ್‌ಬಾಲ್ ಕೋರ್ಟು, ನಾಲ್ಕು ಚೆಂಡು, 45 ನಿಮಿಷದ ಪೀರಿಯಡ್ಡು. ಸಾಲಾಗಿ ನಿಲ್ಲಿಸಿ ಕಲಿಸಿದರೆ ಚೆಂಡು ಪುಟಿಸುತ್ತ ಸಾಗುವ ಡ್ರಿಬಲ್, ಪಾಸು ಎಲ್ಲ ಸರಿಯಾಗಿ ಮಾಡುತ್ತಾರೆ. ಮ್ಯಾಚಿಗೆ ಬಿಟ್ಟರೆ ಎಲ್ಲರೂ ಚೆಂಡಿಗೇ ಮುತ್ತಿಕೊಳ್ಳುತ್ತಾರೆ, ಆಡುವವರು ಇಬ್ಬರೇ. ಏನು ಮಾಡಲಿ?
– ಹಾಸನ ಜಿಲ್ಲೆಯ ಓದುಗರು

ಉತ್ತರ: ಸಾಲಿನಲ್ಲಿ ಮಗುವಿಗೆ ಎದುರಾಳಿ ಇರುವುದಿಲ್ಲ. ಯಾವಾಗ ಪಾಸ್ ಕೊಡಬೇಕು, ಯಾವಾಗ ನುಗ್ಗಬೇಕು ಎಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಮ್ಯಾಚಿನಲ್ಲೋ, 14 ಮಕ್ಕಳು ಹೊರಗೆ ಕೂತಿರುತ್ತಾರೆ, ಒಳಗಿನ ಹತ್ತು ಮಂದಿಗೆ ಒಂದೇ ಚೆಂಡು. ಎರಡನ್ನೂ ಸದ್ಯಕ್ಕೆ ಬದಿಗಿಟ್ಟು ಮೂರು-ಮೂರರ ಆಟ ಆಡಿಸಿ.

ಮೂವರಂತೆ ಎಂಟು ತಂಡ ಮಾಡಿ. ಎರಡು ರಿಂಗುಗಳ ಮುಂದೆ ಅರ್ಧರ್ಧ ಕೋರ್ಟಿನಲ್ಲಿ ಒಂದೊಂದು ಆಟ. ಕೋರ್ಟಿನ ಹೊರಗೆ ಸುಣ್ಣದ ಪುಡಿಯಲ್ಲಿ ಸುಮಾರು 8 ಮೀಟರಿನ ಎರಡು ಚೌಕ ಬರೆದು ಅಲ್ಲಿ ಇನ್ನೆರಡು ಆಟ. ನಾಲ್ಕೂ ಚೆಂಡು ಬಳಕೆಯಾಗುತ್ತವೆ, ಒಬ್ಬರೂ ಕೂರುವುದಿಲ್ಲ. ನಾಲ್ಕು ನಿಮಿಷಕ್ಕೊಮ್ಮೆ ಸೀಟಿ ಊದಿ ಜಾಗ ಬದಲಿಸಿ. ಗೆದ್ದ ತಂಡ ಉಳಿಯಲಿ, ಸೋತದ್ದು ಹೊರಗೆ ಹೋಗಲಿ ಎಂಬ ಪದ್ಧತಿ ಮಾತ್ರ ಬೇಡ. ಹೆಚ್ಚು ಅಭ್ಯಾಸ ಬೇಕಾದ ಮಕ್ಕಳೇ ಹೊರಗುಳಿಯುತ್ತಾರೆ.

ಚೌಕದಲ್ಲಿ ರಿಂಗಿಲ್ಲ, ಡ್ರಿಬಲ್ ಇಲ್ಲ. ಸತತ ಐದು ಪಾಸಿಗೆ ಒಂದು ಅಂಕ, ಚೆಂಡು ಕೈಯಲ್ಲಿ ಮೂರೇ ಸೆಕೆಂಡು. ಮೊದಮೊದಲು ಮಕ್ಕಳು ಗಾಬರಿಯಾಗಿ ತಲೆಯ ಮೇಲಿಂದ ಎತ್ತಿ ಎಸೆಯುತ್ತಾರೆ, ಎದುರಾಳಿ ಹಾರಿ ಹಿಡಿಯುತ್ತಾನೆ. ಪಿವಟ್ ಕಲಿಸಬೇಕಾದ ಗಳಿಗೆ ಇದೇ: ಒಂದು ಕಾಲಿನ ಮುಂಗಾಲು ನೆಲ ಬಿಡದಿರಲಿ, ಇನ್ನೊಂದು ಕಾಲು ಎದುರಾಳಿಯ ಪಕ್ಕಕ್ಕೆ ಚಾಚಲಿ, ಚೆಂಡು ಅವನಿಂದ ದೂರದ ಸೊಂಟದ ಬಳಿ ಬರಲಿ, ಅಲ್ಲಿಂದ ಬೌನ್ಸ್ ಪಾಸ್. ಇಬ್ಬರ ನಡುವಿನ ದೂರದಲ್ಲಿ ಮೂರನೇ ಎರಡು ಭಾಗ ದಾಟಿದ ಮೇಲೆ ಚೆಂಡು ನೆಲಕ್ಕೆ ಬಿದ್ದರೆ ಹಿಡಿಯುವವರ ಸೊಂಟದ ಮಟ್ಟಕ್ಕೆ ಏಳುತ್ತದೆ. ನಡುಮಧ್ಯೆ ಬಿದ್ದರೆ ನಿಧಾನವಾಗಿ, ಎತ್ತರಕ್ಕೆ ಎದ್ದು ಎದುರಾಳಿಯ ಪಾಲಾಗುತ್ತದೆ.

ಮಕ್ಕಳು ಮುತ್ತಿಕೊಳ್ಳುವುದಕ್ಕೆ ಮುಖ್ಯ ಕಾರಣ, ಪಾಸ್ ಕೊಟ್ಟವರು ಅಲ್ಲೇ ನಿಂತು ಚೆಂಡು ನೋಡುವುದು. ‘ಹರಡಿಕೊಳ್ಳಿ’ ಎಂದು ಕೂಗಿ ಪ್ರಯೋಜನವಿಲ್ಲ. ರಿಂಗಿನ ಆಟದಲ್ಲಿ ಒಂದು ನಿಯಮ ಹಾಕಿ: ಪಾಸ್ ಕೊಟ್ಟ ಕೂಡಲೇ ರಿಂಗಿನ ಕಡೆಗೆ ಓಡಬೇಕು, ಚೆಂಡು ಸಿಗದಿದ್ದರೆ ಎದುರು ಮೂಲೆಗೆ ಹೋಗಬೇಕು. ಜಾಗ ತಾನಾಗಿ ಬಿಡುವಾಗುತ್ತದೆ.

ಒಬ್ಬರೇ ಆಡುತ್ತಿದ್ದರೆ ಒಂದು ಸುತ್ತಿಗೆ ಮಾತ್ರ ಎರಡು ಡ್ರಿಬಲ್ ಮಿತಿ ಇಡಿ. ದಿನವೂ ಇಟ್ಟರೆ ಡ್ರಿಬಲ್ಲೇ ಬೆಳೆಯುವುದಿಲ್ಲ. ‘ಮೂವರೂ ಮುಟ್ಟಿದ ಮೇಲೇ ಶೂಟ್’ ಎಂಬ ನಿಯಮ ನ್ಯಾಯವಾಗಿ ಕಂಡರೂ ಕೆಲಸಕ್ಕೆ ಬಾರದು. ಇನ್ನೂ ಮುಟ್ಟದವರು ಯಾರೆಂದು ಎದುರಾಳಿಗೆ ಗೊತ್ತಾಗಿ ಅವರನ್ನೇ ಕಾಯುತ್ತಾರೆ.

ಚೆಂಡು 5ನೇ ಸೈಜಿನದಿರಲಿ. ಮಿನಿ ಬ್ಯಾಸ್ಕೆಟ್‌ಬಾಲಿನ ರಿಂಗು 2.60 ಮೀಟರ್ ಎತ್ತರ, ದೊಡ್ಡವರದು 3.05. 7ನೇ ಸೈಜಿನ ಚೆಂಡು, ದೊಡ್ಡವರ ರಿಂಗು ಎರಡೂ ಸೇರಿದರೆ ಮಗು ಸೊಂಟದಿಂದ ಎರಡೂ ಕೈಯಲ್ಲಿ ಎಸೆಯಲು ಶುರುಮಾಡುತ್ತದೆ, ಆ ಚಾಳಿ ಬಿಡಿಸುವುದು ಬಲು ಕಷ್ಟ. ರಿಂಗು ಇಳಿಸಲಾಗದಿದ್ದರೆ ಹತ್ತಿರದಿಂದಲೇ ಶೂಟ್ ಮಾಡಿಸಿ. ರಿಂಗು ತಾಗಿದರೂ ಒಂದು ಅಂಕ, ಬಿದ್ದರೆ ಎರಡು.

ಪ್ರಶ್ನೆ: ಮೂರು-ಮೂರೇ ಆಡಿಸಿದರೆ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಮಕ್ಕಳು ತಬ್ಬಿಬ್ಬಾಗುವುದಿಲ್ಲವೇ?
– ಮೈಸೂರಿನ ಓದುಗರು

ಉತ್ತರ: ಅರ್ಧ ಕೋರ್ಟಿನಲ್ಲಿ ಸಿಗದಿರುವುದು ಓಡಿ ಹಿಂದಿರುಗುವ ಅಭ್ಯಾಸ. ಪಂದ್ಯಕ್ಕೆ ಮೂರು ವಾರ ಇರುವಾಗ ಪೂರ್ತಿ ಕೋರ್ಟಿನಲ್ಲಿ ನಾಲ್ಕು-ನಾಲ್ಕು ಆಡಿಸಿ, ಪೀರಿಯಡ್ಡಿನ ಕೊನೆಯ ಹತ್ತು ನಿಮಿಷ ಐದೈದು. ಬ್ಯಾಸ್ಕೆಟ್ ಬಿದ್ದೊಡನೆ ಸೀಟಿಗೆ ಕಾಯದೆ ರಿಂಗಿನ ಹಿಂದಿನ ಗೆರೆಯಾದ ಎಂಡ್ ಲೈನಿನ ಹೊರಗಿನಿಂದ ಚೆಂಡು ಒಳಹಾಕುವುದನ್ನು ಮೊದಲ ದಿನವೇ ಹೇಳಿಕೊಡಿ. ಮೂರು-ಮೂರರಿಂದ ಬಂದ ಮಕ್ಕಳು ಹೆಚ್ಚಾಗಿ ತಡವರಿಸುವುದು ಅಲ್ಲೇ.