ಎರಡೂಮುಕ್ಕಾಲು ವರ್ಷದ ಮಗುವಿನ ಮಾತು ಬೆಳೆಯಲು ಯಾವ ಆಪ್ ಹಾಕಿಕೊಡಬಹುದು?

ನಿಮ್ಮ ಮಗ ಇಂಗ್ಲಿಷಿನಲ್ಲಿ ಇಪ್ಪತ್ತರವರೆಗೆ ಎಣಿಸುತ್ತಾನೆ, ಬಣ್ಣಗಳ ಹೆಸರನ್ನೂ ಹೇಳುತ್ತಾನೆ. ಆದರೆ ಬಾಯಾರಿದಾಗ ನಿಮ್ಮ ಕೈ ಹಿಡಿದು ಫಿಲ್ಟರಿನ ಬಳಿಗೆ ಎಳೆದುಕೊಂಡು ಹೋಗುತ್ತಾನೆಯೇ ಹೊರತು ‘ನೀರು ಕೊಡು’ ಎನ್ನುವುದಿಲ್ಲ ಎಂದು ಬರೆದಿದ್ದೀರಿ. ನಾನು ಮೈಸೂರಿನ ಶಿಶುವಿಹಾರವೊಂದರಲ್ಲಿ ಹದಿನಾರು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಇಂಥ ಮಕ್ಕಳು ಪ್ರತಿ ವರ್ಷವೂ ನಮ್ಮಲ್ಲಿಗೆ ಬರುತ್ತಾರೆ. ಎರಡು ವರ್ಷ ತುಂಬುವ ಹೊತ್ತಿಗೆ ಮಕ್ಕಳು ಸಾಮಾನ್ಯವಾಗಿ ಎರಡು ಪದ ಕೂಡಿಸಿ ಮಾತನಾಡುತ್ತಾರೆ. ಆದ್ದರಿಂದ ಆಪ್ ಹುಡುಕುವ ಮೊದಲು ಮಗುವಿನ ಕಿವಿ ಪರೀಕ್ಷೆ ಮತ್ತು ಮಾತಿನ ತಪಾಸಣೆ ಮಾಡಿಸಿ. ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ. ಅದು ದೂರವಾದರೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಮಟ್ಟದಲ್ಲಿ ನಡೆಯುವ, ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗನೆ ಗುರುತಿಸಿ ನೆರವಾಗುವ, ಡಿಇಐಸಿ ಎಂದು ಕರೆಯುವ ಕೇಂದ್ರವನ್ನು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ‘ಗಂಡುಮಕ್ಕಳಿಗೆ ಮಾತು ತಡ, ತಾನಾಗಿಯೇ ಬರುತ್ತದೆ’ ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆ ಮಾತು ನಂಬಿ ಅಮೂಲ್ಯವಾದ ಒಂದು ವರ್ಷವನ್ನೇ ಕಳೆದುಕೊಂಡ ತಂದೆತಾಯಿಯರನ್ನು ನಾನು ಕಂಡಿದ್ದೇನೆ.

ಪರದೆಯಿಂದ ಬಣ್ಣದ ಹೆಸರು ಬರುತ್ತದೆ, ಮಾತು ಏಕೆ ಬರುವುದಿಲ್ಲ ಎಂಬ ನಿಮ್ಮ ಪ್ರಶ್ನೆ ಸರಿಯಾಗಿದೆ. ಮಕ್ಕಳ ಭಾಷಾ ಕಲಿಕೆಯನ್ನು ಅಧ್ಯಯನ ಮಾಡುವ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಕುಳಿತು ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ಮಾತನಾಡಿದಾಗ ಅವು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಮಾತುಗಳನ್ನು ಬೇರೆ ಕೂಸುಗಳಿಗೆ ಟಿವಿಯಲ್ಲಿ ತೋರಿಸಿದಾಗ ಅವು ಕಲಿಯಲಿಲ್ಲ. ಟಿವಿಯಲ್ಲಿರುವವರು ಮಗುವಿಗೆ ಮರುಮಾತು ಕೊಡುವುದಿಲ್ಲ, ಮಗು ನೋಡಿದ ಕಡೆಗೆ ತಾವೂ ನೋಡುವುದಿಲ್ಲ. 2014ರ ಇನ್ನೊಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ಮೊದಲೇ ಚಿತ್ರಿಸಿಟ್ಟ ವಿಡಿಯೋದಿಂದ ಹೊಸ ಕ್ರಿಯಾಪದಗಳನ್ನು ಕಲಿಯಲಿಲ್ಲ, ಆದರೆ ಎದುರಿಗಿನವರು ಅವರಿಗೇ ಉತ್ತರಿಸುತ್ತಿದ್ದ ವಿಡಿಯೋ ಕರೆಯಿಂದ ಕಲಿತರು.

ಆದುದರಿಂದ ನಿಮ್ಮ ಫೋನಿನಲ್ಲಿ ಈಗಾಗಲೇ ಇರುವ ವಿಡಿಯೋ ಕರೆಯೇ ನನ್ನ ಮೊದಲ ಸಲಹೆ. ಅಜ್ಜಿ ದಾವಣಗೆರೆಯಲ್ಲಿದ್ದಾರೆ ಎಂದಿದ್ದೀರಿ. ‘ಊಟ ಆಯ್ತಾ? ಟಾಟಾ ಮಾಡು’ ಎಂಬುದರಲ್ಲಿಯೇ ಕರೆ ಮುಗಿಯದಿರಲಿ. ಅವರು ಅವರೆಕಾಯಿ ಸುಲಿಯುತ್ತಾ ಕೂತಿರುವಾಗಲೇ ಕರೆ ಮಾಡಿ, ನಿಮ್ಮ ಮಗನ ಮುಂದೆಯೂ ನಾಲ್ಕು ಕಾಯಿ ಇಡಿ. ನನ್ನ ಮಗಳು ಮೂರು ವರ್ಷದವಳಿದ್ದಾಗ ಹೀಗೆಯೇ ಮಾಡುತ್ತಿದ್ದೆವು: ಅಜ್ಜಿ ಆ ಕಡೆ ‘ಬಿಚ್ಚು, ಕಾಳು ತೆಗಿ, ಬಟ್ಟಲಿಗೆ ಹಾಕು’ ಎನ್ನುವರು, ಇವಳು ಈ ಕಡೆ ಕಾಯಿ ಬಿಚ್ಚಿ, ಹುಳ ಕಂಡರೆ ಫೋನಿಗೆ ತಾಗಿಸಿ ತೋರಿಸುವಳು, ಅಜ್ಜಿ ‘ಅಯ್ಯೋ ಹುಳ, ಬಿಸಾಕು!’ ಎಂದು ಕೂಗುವರು. ‘ಹುಳ ಬಿಸಾಕು’ ಎಂದು ಅವಳು ಮರುದಿನ ತಾನಾಗಿಯೇ ಹೇಳಿದಳು.

ಎರಡನೆಯದು ಕಥೆಗಳು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಪುಟಕ್ಕೆ ಒಂದೆರಡು ವಾಕ್ಯವಿರುವ ಮೊದಲ ಹಂತದ ಕಥೆಗಳನ್ನು ಆರಿಸಿಕೊಳ್ಳಿ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ, ದಾರ ಹಾಕಿ ಹೊಲಿದು ಪುಸ್ತಕ ಮಾಡಿಕೊಳ್ಳಲು ಅಡ್ಡಿಯಿಲ್ಲ. ನಾನು ಮಾಡುವುದೂ ಅದನ್ನೇ, ಏಕೆಂದರೆ ಕಾಗದದ ಮೇಲೆ ಬೆರಳಿಟ್ಟಾಗ ಚಿತ್ರ ಸರಿದು ಹೋಗುವುದಿಲ್ಲ, ಮಗುವಿನ ನೋಟ ಅಲ್ಲಿಯೇ ನಿಲ್ಲುತ್ತದೆ. ಬರೆದದ್ದನ್ನು ಬರೆದಂತೆಯೇ ಓದಬೇಕಾಗಿಲ್ಲ. ‘ಬೆಕ್ಕು ಓಡಿತು’ ಎಂದಿದ್ದರೆ ನಿಮ್ಮ ಮನೆಯ ಮಾತಿನಲ್ಲಿ ಹೇಳಿ, ಬೆರಳಿಟ್ಟು ತೋರಿಸಿ, ಅವನು ಏನನ್ನಾದರೂ ಹೇಳಲು ಮನಸ್ಸಿನಲ್ಲಿ ಐದು ಎಣಿಸುವಷ್ಟು ಹೊತ್ತು ಕಾಯಿರಿ. ನಮ್ಮಲ್ಲಿ ಹೆಚ್ಚಿನವರಿಗೆ ಕಷ್ಟವಾಗುವುದು ಈ ಕಾಯುವಿಕೆಯೇ.

ಆಪ್ ಬೇಕೇ ಬೇಕು ಎಂದಾದರೆ ಜಾಹೀರಾತಿಲ್ಲದ, ಉಚಿತವಾದ ಖಾನ್ ಅಕಾಡೆಮಿ ಕಿಡ್ಸ್ ಇದೆ. ಆದರೆ ಅದು ಇಂಗ್ಲಿಷಿನದು, ಸದ್ಯಕ್ಕೆ ನಿಮ್ಮ ಮಗನಿಗೆ ಅದರಿಂದ ದೊಡ್ಡ ಪ್ರಯೋಜನವಾಗದು. ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿದ ವಿಡಿಯೋಗಳು ಮಾತ್ರ ಕಾಣುವಂತೆ ಮಾಡುವ ಆಯ್ಕೆಯಿದೆ, ಅದನ್ನು ಆನ್ ಮಾಡಿ; ಒಂದರ ಹಿಂದೆ ಒಂದು ವಿಡಿಯೋ ತಾನಾಗಿ ಓಡುವುದನ್ನು ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ಊಟದ ಹೊತ್ತಿಗಂತೂ ಫೋನ್ ಬೇಡವೇ ಬೇಡ. ತುತ್ತು, ಸಾರು, ಬಿಸಿ, ಖಾರ, ಸಾಕು, ಇನ್ನೂ ಬೇಕು ಎಂಬಷ್ಟು ಮಾತು ಒಂದೇ ತಟ್ಟೆಯ ಸುತ್ತ ಇರುವಾಗ ಅದನ್ನು ಕಳೆದುಕೊಳ್ಳಬಾರದು.

ಕೊನೆಯದಾಗಿ, ತಪಾಸಣೆಗೆ ಹೋಗುವಾಗ ನಿಮ್ಮ ಫೋನಿನಿಂದ ಒಂದು ಉಪಕಾರವಾಗುತ್ತದೆ. ಹೊಸ ಜಾಗದಲ್ಲಿ ಅನೇಕ ಮಕ್ಕಳು ಬಾಯಿ ಬಿಡುವುದಿಲ್ಲ. ಆದ್ದರಿಂದ ಅವನು ಮನೆಯಲ್ಲಿ ಆಡುವಾಗ, ನೀರಿಗಾಗಿ ನಿಮ್ಮ ಕೈ ಎಳೆಯುವಾಗ, ಹೆಸರು ಹಿಡಿದು ಕರೆದರೆ ತಿರುಗುವಾಗ ಅಥವಾ ತಿರುಗದೆ ಇರುವಾಗ ಎರಡು ಮೂರು ನಿಮಿಷ ಅವನಿಗೆ ತಿಳಿಯದಂತೆ ಚಿತ್ರಿಸಿಕೊಂಡು, ಅದನ್ನು ವಾಕ್ ತಜ್ಞರಿಗೆ ತೋರಿಸಿ.