ಸಂಪಾದಕರ ಉತ್ತರ: ಈಜಿಪ್ಟ್‌ನಲ್ಲಿ ಇನ್ನೇನು ಕೆಲಸ ಬಾಕಿ ಇದೆ?

ತರೀಕೆರೆಯಿಂದ ಪತ್ರ ಬರೆದ ತಂದೆಯವರಿಗೆ ನಮಸ್ಕಾರ.

2025ರ ನವೆಂಬರ್ 1ರಂದು ಗೀಜಾದಲ್ಲಿ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ ಉದ್ಘಾಟನೆಯಾಯಿತು. ಅದನ್ನು ಟಿವಿಯಲ್ಲಿ ನೋಡಿದ ನಿಮ್ಮ ಮಗಳು ಪಿಯುಸಿ ಮುಗಿಸಿ ಆರ್ಕಿಯಾಲಜಿಯೇ ಓದುತ್ತೇನೆ ಅಂತ ಹಠ ಹಿಡಿದಿದ್ದಾಳೆ ಎಂದು ಬರೆದಿದ್ದೀರಿ. 'ಟುಟಾಂಖಾಮನ್ ಗೋರಿ 1922ರಲ್ಲೇ ಸಿಕ್ಕಾಯ್ತು. ಪಿರಮಿಡ್ ಕಣ್ಣೆದುರೇ ನಿಂತಿದೆ. ಇನ್ನು ಜೀವನಪೂರ್ತಿ ಮಾಡುವಂಥ ಕೆಲಸ ಅಲ್ಲೇನಿದೆ?' ಅನ್ನುವುದು ನಿಮ್ಮ ಪ್ರಶ್ನೆ.

ಅಗೆಯುವುದಕ್ಕೆ ಇನ್ನೂ ಬೇಕಾದಷ್ಟಿದೆ. ಆ ಮಾತು ಬಿಡಿ. ಸಿಕ್ಕಿದ್ದನ್ನು ಉಳಿಸಿಕೊಳ್ಳುವ ಕೆಲಸವೇ ಮೂರು ತಲೆಮಾರಿಗೆ ಆಗುವಷ್ಟು ಬಿದ್ದಿದೆ.

1954ರ ಮೇ ತಿಂಗಳಲ್ಲಿ ದೊಡ್ಡ ಪಿರಮಿಡ್‌ನ ದಕ್ಷಿಣಕ್ಕೆ ಈಜಿಪ್ಟಿನ ಪುರಾತತ್ವಜ್ಞ ಕಮಾಲ್ ಎಲ್-ಮಲ್ಲಾಖ್ ಒಂದು ಹೊಂಡ ಪತ್ತೆ ಮಾಡಿದರು. ಭಾರಿ ಸುಣ್ಣಕಲ್ಲಿನ ಚಪ್ಪಡಿಗಳು ಮುಚ್ಚಿದ್ದ ಆ ಹೊಂಡದಲ್ಲಿ, ಆ ಪಿರಮಿಡ್ ಕಟ್ಟಿಸಿದ ಖುಫು ರಾಜನ ದೋಣಿ ಇತ್ತು. ಅದೂ ಬಿಚ್ಚಿ, ಪದರ ಪದರವಾಗಿ ಇಟ್ಟ 1,224 ತುಂಡುಗಳಾಗಿ. ಕಂಡುಹಿಡಿದ ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ಆಮೇಲಿನ ಭಾರ ಬಿದ್ದದ್ದು ಪ್ರಾಚ್ಯವಸ್ತು ಇಲಾಖೆಯ ಅಹ್ಮದ್ ಯೂಸುಫ್ ಮುಸ್ತಫಾ ಅವರ ಹೆಗಲಿಗೆ. ಹಳೆಯ ವಸ್ತು ಜೋಡಿಸುವುದರಲ್ಲಿ ಅವರದು ಪಳಗಿದ ಕೈ. ಆದರೆ ದೋಣಿ ಕಟ್ಟಿ ಗೊತ್ತಿರಲಿಲ್ಲ.

ಅವರೇನು ಮಾಡಿದರು ಗೊತ್ತಾ? ನೈಲ್ ದಂಡೆಯಲ್ಲಿ ಮರದ ದೋಣಿ ಕಟ್ಟುವ ಬಡಗಿಗಳ ಹತ್ತಿರ ಹೋಗಿ ಕೆಲಸ ಕಲಿತರು. ಹಳೆಯ ಗೋರಿಗಳ ಗೋಡೆಯಲ್ಲಿರುವ ದೋಣಿ ಕಟ್ಟುವ ಚಿತ್ರಗಳನ್ನು ನೋಡಿದರು. ಚಿಕ್ಕ ಮಾದರಿ ಮಾಡಿಕೊಂಡರು. ದೊಡ್ಡದನ್ನು ಜೋಡಿಸಿದರು, ಸರಿ ಕೂರಲಿಲ್ಲ ಅಂತ ಬಿಚ್ಚಿದರು, ಮತ್ತೆ ಜೋಡಿಸಿದರು. ಇಡೀ ಮೈಗೆ ಹಗ್ಗದ ಹೊಲಿಗೆ. ಹಗ್ಗದ ತೂತುಗಳು ಹಲಗೆಯ ಒಳಮುಖದಲ್ಲೇ ಹೊಕ್ಕು ಒಳಮುಖದಲ್ಲೇ ಹೊರಬರುತ್ತವೆ, ಹಾಗಾಗಿ ಹೊರಗಿನಿಂದ ಒಂದು ಎಳೆಯೂ ಕಾಣುವುದಿಲ್ಲ. ಎಷ್ಟೋ ತುಂಡುಗಳ ಮೇಲೆ ಹಳೆಯ ಬಡಗಿಗಳೇ ಗುರುತು ಕೆತ್ತಿದ್ದರು. ಮುಂದಿನ ಎಡ, ಮುಂದಿನ ಬಲ, ಹಿಂದಿನ ಎಡ, ಹಿಂದಿನ ಬಲ ಅಂತ ನಾಲ್ಕು ಬಗೆ. ನಾಲ್ಕೂವರೆ ಸಾವಿರ ವರ್ಷದ ಹಿಂದೆ ಬಿಚ್ಚಿದವರು, ಮುಂದೆ ಜೋಡಿಸುವವರಿಗೆ ಅಂತ ಇಟ್ಟ ಗುರುತು! ಸುಮಾರು 43 ಮೀಟರ್ ಉದ್ದದ ದೋಣಿ ಎದ್ದು ನಿಲ್ಲಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಜನರಿಗೆ ನೋಡಲು ಸಿಕ್ಕಿದ್ದು 1982ರಲ್ಲಿ. 2021ರ ಆಗಸ್ಟ್‌ನಲ್ಲಿ ಅದನ್ನು ಬಿಚ್ಚದೆ, ಇಡಿಯಾಗಿಯೇ ಹೊಸ ಮ್ಯೂಸಿಯಂಗೆ ಸಾಗಿಸಿದರು. ಪಕ್ಕದ ಹೊಂಡದಲ್ಲಿ ಎರಡನೆಯ ದೋಣಿ ಇತ್ತು. ಅದರ ಮರ ತೀರಾ ಲಡ್ಡಾಗಿತ್ತು. ಜಪಾನಿನ ವಸೇಡಾ ವಿಶ್ವವಿದ್ಯಾಲಯದ ತಂಡ ಈಜಿಪ್ಟಿನವರ ಜೊತೆ ಸೇರಿ ಒಂದೊಂದೇ ತುಂಡಿಗೆ ಮದ್ದು ಹಾಕಿ, ಗಟ್ಟಿ ಮಾಡಿ ಮೇಲೆತ್ತಿತು.

ಮರದ ಕಥೆ ಇದಾದರೆ ಕಲ್ಲಿನ ಶತ್ರು ಉಪ್ಪು. 1970ರಲ್ಲಿ ಅಸ್ವಾನ್ ಹೈ ಡ್ಯಾಂ ಮುಗಿದ ಮೇಲೆ ನೈಲ್ ನದಿಯ ವಾರ್ಷಿಕ ನೆರೆ ನಿಂತಿತು, ವರ್ಷವಿಡೀ ನೀರಾವರಿ ಬಂತು. ಹಳೆಯ ದೇವಾಲಯಗಳಿರುವ ಲಕ್ಸರ್ ಊರಿನ ಸುತ್ತ ಕಬ್ಬಿನ ಗದ್ದೆ. ರೈತರನ್ನು ದೂರುವಂತಿಲ್ಲ, ಅವರೂ ಬದುಕಬೇಕಲ್ವಾ? ಆದರೆ ಅಂತರ್ಜಲ ಮೇಲೆ ಬಂದು ದೇವಾಲಯದ ಮರಳುಗಲ್ಲಿಗೆ ಏರುತ್ತದೆ. ನೀರು ಆರುತ್ತದೆ, ಜೊತೆಗೆ ಬಂದ ಉಪ್ಪು ಕಲ್ಲಿನ ಚರ್ಮದಡಿ ಹರಳುಗಟ್ಟುತ್ತದೆ. ಹರಳು ಉಬ್ಬಿದಂತೆ ಮೇಲಿನ ಪದರ ಹಪ್ಪಳದ ಹಾಗೆ ಏಳುತ್ತದೆ. ಕೆತ್ತನೆ ಇರುವುದೇ ಆ ಪದರದಲ್ಲಿ. 2006ರಲ್ಲಿ ಲಕ್ಸರ್ ಮತ್ತು ಕಾರ್ನಾಕ್ ದೇವಾಲಯಗಳ ಸುತ್ತ ನೀರಿನ ಮಟ್ಟ ಇಳಿಸುವ ವ್ಯವಸ್ಥೆ ಶುರುವಾಯಿತು. ಹಾಗಂತ ಕಲ್ಲಿನೊಳಗೆ ಸೇರಿದ ಉಪ್ಪು ಹೋಗಿಬಿಡಲಿಲ್ಲ. ಅದನ್ನು ಒದ್ದೆ ಪಟ್ಟಿ ಹಚ್ಚಿ ನಿಧಾನವಾಗಿ ಎಳೆದು ತೆಗೆಯಬೇಕು.

ಉಳಿಸಲಾಗದಿದ್ದರೂ ನಕಲಾದರೂ ಇರಲಿ ಅಂತ ಇನ್ನೊಂದು ದಾರಿ. ಲಕ್ಸರ್‌ನಲ್ಲಿ 1924ರಿಂದ ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದ ಶಿಕಾಗೋ ಹೌಸ್ ಎಂಬ ತಂಡ ಇದನ್ನೇ ಮಾಡುತ್ತಿದೆ. ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡುತ್ತಾರೆ. ಕಲಾವಿದ ಅದನ್ನು ಹಿಡಿದು ಏಣಿ ಹತ್ತಿ, ಗೋಡೆ ನೋಡುತ್ತಾ ಫೋಟೋ ಮೇಲೆಯೇ ಪೆನ್ಸಿಲ್ ಗೆರೆ ಎಳೆಯುತ್ತಾನೆ. ಆಮೇಲೆ ಮಸಿ. ಫೋಟೋವನ್ನು ಬ್ಲೀಚ್ ಮಾಡಿದರೆ ಗೆರೆಯಷ್ಟೇ ಉಳಿಯುತ್ತದೆ. ಅದರ ಪ್ರತಿ ಹಿಡಿದು ಲಿಪಿ ಬಲ್ಲವರೊಬ್ಬರು ಗೋಡೆಯ ಮುಂದೆ ನಿಂತು ಗೆರೆ ಗೆರೆಯಾಗಿ ತಪ್ಪು ಹುಡುಕುತ್ತಾರೆ. ಅವರ ತಪ್ಪನ್ನು ಹುಡುಕಲು ಇನ್ನೊಬ್ಬರು. ಜಗಳ, ಚರ್ಚೆ, ತಿದ್ದುಪಡಿ. ಈಗ ಟ್ಯಾಬ್ಲೆಟ್ ಮೇಲೂ ಗೆರೆ ಎಳೆಯುತ್ತಾರೆ, ಆದರೆ ಗೋಡೆಯ ಮುಂದೆ ನಿಲ್ಲುವುದು ತಪ್ಪಿಲ್ಲ.

ಓದುವ ಕೆಲಸವೂ ಹಾಗೆಯೇ. ಇಂಗ್ಲೆಂಡಿನ ವಿದ್ವಾಂಸರಾದ ಗ್ರೆನ್‌ಫೆಲ್ ಮತ್ತು ಹಂಟ್, ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ತಿಪ್ಪೆಗಳನ್ನು 1896ರಿಂದ 1907ರ ನಡುವೆ ಅಗೆದು ಮುಗಿಸಿದರು. ಕನ್ನಡದ ಮಾತುಗಳಿವೆ ಎಂದು ಕೆಲವು ವಿದ್ವಾಂಸರು ವಾದಿಸಿದ ಆ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅಲ್ಲೇ. ಅಲ್ಲಿನ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಚೂರುಗಳನ್ನು ಓದಿ ಪ್ರಕಟಿಸುವುದು ಇವತ್ತಿಗೂ ಮುಗಿದಿಲ್ಲ.

ದಿನಚರಿ ಕೇಳಿದ್ದೀರಿ. ಬೇಸಿಗೆಯ ಬಿಸಿಲಲ್ಲಿ ಆಗದ ಕೆಲಸ, ಹಾಗಾಗಿ ಹೆಚ್ಚಾಗಿ ಅಕ್ಟೋಬರ್‌ನಿಂದ ಏಪ್ರಿಲ್. ಬೆಳಕು ಹರಿಯುವಾಗ ಹೊರಟರೆ ಮಧ್ಯಾಹ್ನದವರೆಗೆ ಮಣ್ಣು. ಆಮೇಲೆ ಮಡಕೆ ಚೂರು ತೊಳೆದು, ನಂಬರ್ ಹಾಕಿ, ಚಿತ್ರ ಬರೆಯುವುದು. ಮಣ್ಣಿನ ಬಣ್ಣ ನೋಡಿಯೇ ಗೋಡೆ ಎಲ್ಲಿದೆ ಎನ್ನುವವರು ಕಿಫ್ತ್ ಊರಿನ ಮೇಸ್ತ್ರಿಗಳು. 1890ರ ದಶಕದಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಪೆಟ್ರಿ ತರಬೇತಿ ಕೊಟ್ಟವರ ಕಸುಬು ಮಕ್ಕಳು, ಮೊಮ್ಮಕ್ಕಳಿಗೆ ಬಂದಿದೆ. ಪದವಿ ಹಿಡಿದು ಹೋದವರು ಮೊದಲು ಇವರ ಹತ್ತಿರ ಕಲಿಯಬೇಕು, ಇದು ನನ್ನ ಅಭಿಪ್ರಾಯ. ಇನ್ನು, ಸಿಕ್ಕಿದ್ದು ಯಾವುದೂ ತಂಡದ್ದಲ್ಲ. 1983ರ ಕಾನೂನಿನ ಪ್ರಕಾರ ಎಲ್ಲವೂ ಈಜಿಪ್ಟ್ ಸರ್ಕಾರದ್ದು.

ಸಂಬಳ? ಸಾಫ್ಟ್‌ವೇರ್‌ನಷ್ಟು ಸಿಗಲ್ಲ. ವಿದೇಶಿ ತಂಡಗಳಲ್ಲಿ ಅನುದಾನ ಇರುವಷ್ಟು ಕಾಲ ಕೆಲಸ. ಆದರೆ ಕೆಮಿಸ್ಟ್ರಿ ಬಲ್ಲವರಿಗೆ, ಕೈ ಚುರುಕಿರುವವರಿಗೆ ಬೇಡಿಕೆ ಇದೆ, ಆದ್ದರಿಂದ ಮಗಳು ಸೈನ್ಸ್ ತಗೊಂಡಿದ್ದರೆ ಬಿಡಿಸಬೇಡಿ. ಮೈಸೂರು, ಧಾರವಾಡ ವಿಶ್ವವಿದ್ಯಾಲಯಗಳಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ವ ಕಲಿಸುತ್ತಾರೆ. ಈಜಿಪ್ಟ್ ಆಮೇಲೆ ನೋಡಿಕೊಳ್ಳಬಹುದು.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಅಮೃತಪುರದ ಅಮೃತೇಶ್ವರ ದೇವಸ್ಥಾನ ನಿಮಗೆ ಹತ್ತಿರವೇ ಅಲ್ವಾ? ಒಂದು ಭಾನುವಾರ ಕರೆದುಕೊಂಡು ಹೋಗಿ, ಗೋಡೆಯ ಯಾವುದಾದರೂ ಒಂದೇ ಶಿಲ್ಪವನ್ನು ಇದ್ದಂತೆಯೇ ಬರೆಯಲು ಹೇಳಿ. ಮುಕ್ಕಾದ ಮೂಗನ್ನು ಸರಿಮಾಡದೆ, ಮುಕ್ಕಾಗಿಯೇ ಬರೆಯಬೇಕು. ಮಧ್ಯಾಹ್ನದ ಊಟಕ್ಕೆ ಕರೆದಾಗ 'ಇನ್ನು ಸ್ವಲ್ಪ ತಡೀರಿ ಅಪ್ಪಾ' ಅಂದಳೋ, ಅರ್ಜಿ ಫಾರಂ ತಂದುಕೊಡಿ.

— ಸಂ.