ಬಿಸಿಲಿಗಿಂತ ಮನೆಯೇ ಜಾಸ್ತಿ ಸುಡುವ ಊರುಗಳು

ಆಸ್ಟ್ರೇಲಿಯಾದ ಮರುಭೂಮಿಯ ಮೂಲನಿವಾಸಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ರಾಯಚೂರಿನ ಓದುಗರೊಬ್ಬರು ಕೇಳಿದ್ದಾರೆ: “ಸಾವಿರಾರು ವರ್ಷ ಆ ಬಿಸಿಲಲ್ಲೇ ಬದುಕಿದವರಿಗೆ ಈಗೇನು ಹೊಸ ತೊಂದರೆ? ಅಷ್ಟು ಕಷ್ಟ ಇದ್ದರೆ ಪಟ್ಟಣಕ್ಕೆ ಬಂದರಾಯ್ತಲ್ಲ?”

ಸಂಪಾದಕರ ಉತ್ತರ:

ಈ ಪ್ರಶ್ನೆ ತುಂಬ ಜನರ ಮನಸ್ಸಿನಲ್ಲಿದೆ ಸರ್, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಿಸಿಲು ಏರಿರುವುದು ನಿಜ. 2019ರ ಜುಲೈಗೆ ಮುಗಿದ ಒಂದೇ ವರ್ಷದಲ್ಲಿ, ಆ ಮರುಭೂಮಿಯ ನಡುವಿನ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 55 ದಿನ 40 ಡಿಗ್ರಿ ದಾಟಿತ್ತು. ಅದಕ್ಕಿಂತ ಜಾಸ್ತಿ ಕಾಡುತ್ತಿರುವುದು ಇವರಿಗೆ ಕಟ್ಟಿಕೊಟ್ಟ ಮನೆಗಳು. ಇವರ ಹಿರಿಯರು ನೀರು ಇರುವ ಕಡೆ ಜಾಗ ಬದಲಿಸುತ್ತಿದ್ದರು, ಹೊತ್ತೇರಿದಾಗ ನೆರಳಲ್ಲಿರುತ್ತಿದ್ದರು, ರಾತ್ರಿ ಬಯಲಲ್ಲೇ ಮಲಗುತ್ತಿದ್ದರು. ಅವರನ್ನು ಒಂದೆಡೆ ತಂದು ಕೂರಿಸಿದ್ದು ಸರ್ಕಾರ ಮತ್ತು ಮಿಷನರಿಗಳು. ಆಮೇಲೆ ಬಂದದ್ದು ಸಿಮೆಂಟ್ ಬ್ಲಾಕಿನ ಗೋಡೆ, ತಗಡಿನ ಮಾಡು. ಹಗಲೆಲ್ಲ ಹೀರಿದ ಕಾವನ್ನು ಗೋಡೆ ರಾತ್ರಿ ಒಳಕ್ಕೆ ಬಿಡುತ್ತದೆ. ಒಳಗೆ ಕಿಕ್ಕಿರಿದ ಜನ. ಕೂಲರ್ ಇಲ್ಲದೆ ಇರಲಿಕ್ಕಾಗದು.

ಕೂಲರಿಗೆ ಕರೆಂಟು ಬೇಕಲ್ವಾ? ಆಲಿಸ್ ಸ್ಪ್ರಿಂಗ್ಸ್ ಇರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಇಂಥ ಊರುಗಳಲ್ಲಿ ಬಹುಪಾಲು ಪ್ರೀಪೇಯ್ಡ್ ಮೀಟರ್. ಮೊಬೈಲಿಗೆ ಹಾಕಿಸಿದ ಹಾಗೆ ಮೊದಲೇ ದುಡ್ಡು ಹಾಕಿಸಬೇಕು, ಮುಗಿದರೆ ಕಟ್. 28 ಊರುಗಳ ಸುಮಾರು 3,300 ಮನೆಗಳ ಲೆಕ್ಕ ತೆಗೆದಾಗ, 2018-19ರಲ್ಲಿ ಶೇ. 91 ಮನೆಗಳಲ್ಲಿ ಒಮ್ಮೆಯಾದರೂ ಹೀಗೆ ಕರೆಂಟು ಹೋಗಿತ್ತು, ಶೇ. 74ರಲ್ಲಿ ಹತ್ತಕ್ಕಿಂತ ಜಾಸ್ತಿ ಸಲ. ಸೆಕೆ ಹೆಚ್ಚಿದಷ್ಟೂ ಕೂಲರ್ ಓಡುತ್ತದೆ, ದುಡ್ಡು ಬೇಗ ಖಾಲಿಯಾಗುತ್ತದೆ, ಬೇಕೇಬೇಕಾದ ದಿನವೇ ಕರೆಂಟು ಇರುವುದಿಲ್ಲ. ಫ್ರಿಜ್ಜಿನಲ್ಲಿ ಮಾಂಸ ಕೆಡುತ್ತದೆ, ಅದರ ಪಕ್ಕದಲ್ಲಿಟ್ಟ ಇನ್ಸುಲಿನ್ ಬೆಚ್ಚಗಾಗುತ್ತದೆ. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ವಿಪರೀತ ಇರುವ ಊರುಗಳಿವು.

ಪಟ್ಟಣಕ್ಕೆ ಬರಲಿ ಎನ್ನುತ್ತೀರಿ. ಬಂದು ನೋಡಿದ್ದಾರೆ. ಪಿಂಟುಪಿ ಎಂಬ ಮೂಲನಿವಾಸಿ ಜನರ ಕಿಂಟೋರ್ ಊರು ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 500 ಕಿಲೋಮೀಟರ್ ದೂರ. ಕಿಡ್ನಿ ಕೆಟ್ಟವರಿಗೆ ಯಂತ್ರದಿಂದ ರಕ್ತ ಶುದ್ಧ ಮಾಡುವ ಡಯಾಲಿಸಿಸ್ ವಾರಕ್ಕೆ ಮೂರು ಸಲ ಆಗಬೇಕು, ಹಾಗಾಗಿ ರೋಗಿಗಳು ಊರು ಬಿಟ್ಟು ಬಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲೇ ಉಳಿದರು, ಮನೆಯವರಿಂದ ದೂರದಲ್ಲೇ ಸತ್ತರು. ಇದನ್ನು ಸಹಿಸಲಾಗದೆ ಆ ಸೀಮೆಯ ಚಿತ್ರಕಾರರು ದೊಡ್ಡ ದೊಡ್ಡ ಚಿತ್ರ ಬರೆದು, 2000ದಲ್ಲಿ ಸಿಡ್ನಿಯಲ್ಲಿ ಹರಾಜಿಗಿಟ್ಟು, ಹತ್ತು ಲಕ್ಷ ಡಾಲರಿಗೂ ಜಾಸ್ತಿ ದುಡ್ಡು ಎತ್ತಿದರು. 2004ರಲ್ಲಿ ಡಯಾಲಿಸಿಸ್ ಕಿಂಟೋರಿಗೇ ಬಂತು. ಹೀಗೆ ಹುಟ್ಟಿದ ಸಂಸ್ಥೆಯನ್ನು ಇವತ್ತು ಪರ್ಪಲ್ ಹೌಸ್ ಎನ್ನುತ್ತಾರೆ. ಇಂಥವರಿಗೆ ಊರು ಬಿಡಿ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಅವರು ಕೇಳುತ್ತಿರುವುದಾದರೂ ಏನು? ಸಾಂಟಾ ತೆರೇಸಾ ಎಂಬ ಇಂಥದೇ ಊರಿನಲ್ಲಿ ಸರ್ಕಾರಿ ಮನೆಗಳ ಬಾಡಿಗೆದಾರರು ರಿಪೇರಿಗಾಗಿ ಸರ್ಕಾರದ ಮೇಲೆ ಕೇಸು ಹಾಕಬೇಕಾಯಿತು. ಅಲ್ಲಿ ಒಬ್ಬ ಹೆಂಗಸಿನ ಮನೆಗೆ ಐದು ವರ್ಷಕ್ಕೂ ಮೇಲೆ ಹಿಂಬಾಗಿಲೇ ಇರಲಿಲ್ಲ. ಆ ಸಂಕಟಕ್ಕೆ ಪರಿಹಾರ ಸಲ್ಲಬೇಕೆಂದು 2023ರ ನವೆಂಬರಿನಲ್ಲಿ ಆ ದೇಶದ ಅತ್ಯುನ್ನತ ಕೋರ್ಟು ಹೇಳಿತು. ಅದೇ ಪ್ರಾಂತ್ಯದ ಟೆನೆಂಟ್ ಕ್ರೀಕ್ ಪಟ್ಟಣದಲ್ಲಿ ವಾರುಮುಂಗು ಮೂಲನಿವಾಸಿ ಜನ ವಿಲ್ಯಾ ಜಂಟಾ ಎಂಬ ತಂಡದ ಜೊತೆ ಸೇರಿ ತಮ್ಮ ಮನೆಯ ನಕ್ಷೆಯನ್ನು ತಾವೇ ಹಾಕುತ್ತಿದ್ದಾರೆ. ಆ ಮನೆಗಳ ಬಗ್ಗೆ ಮುಂದೆ ಬರೆಯುತ್ತೇವೆ. ಓದಿ ಮತ್ತೆ ಪತ್ರ ಹಾಕಿ.